ಹನ್ನೆರಡನೆಯ ಹುಡುಗ

(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾರ್ಯದರ್ಶಿಗಳು ಫೋನ್ ಮಾಡಿ, "ಡಾಕ್ಟ್ರೇ, ಈ ಸಲ ಕಾಯಿಲೆ ವಿಷಯ ಬೇಡ. ಹೋದ ಸಲ ನೀವು ಸಕ್ಕರೆ ಕಾಯಿಲೆ ಬಗ್ಗೆ ಮಾತಾಡಿದ ಮೇಲೆ ಒಬ್ಬರೂ ಹೋಳಿಗೆ ಮುಟ್ಟಲಿಲ್ಲ" ಎಂದರು. ಹಾಗಾಗಿ ಇಂದು ಶುಕ್ರವಾರ ಬೆಳಗಿನ ನಮ್ಮ ಮಕ್ಕಳ ಕ್ರಿಕೆಟ್ ಬಗ್ಗೆ ಮಾತಾಡುತ್ತೇನೆ. ಅದರಲ್ಲಿ ನಿಮಗೇನು ಸಿಗುತ್ತದೆ ಎಂದು ಹಲವರು ಕೇಳಿದ್ದಾರೆ. ಹಣವಂತೂ ಇಲ್ಲ. ಸೊಂಟನೋವು ಸಿಕ್ಕಿದೆ.

2023ರ ಜೂನ್ 1ರ ರಾತ್ರಿ ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಜೂನಿಯರ್ ಏಷ್ಯಾ ಕಪ್ ಹಾಕಿಯ ಫೈನಲ್ ನಮ್ಮ ಇದೇ ಸಲಾಲಾದಲ್ಲಿ ನಡೆಯಿತು. ಭಾರತ ಪಾಕಿಸ್ತಾನವನ್ನು 2-1ರಿಂದ ಸೋಲಿಸಿತು. ಗಂಟಲು ಕಟ್ಟಿಕೊಂಡು ಮರುದಿನ ನನ್ನ ಹತ್ತಿರ ಬಂದವರ ಹೆಸರು ಇಲ್ಲಿ ಹೇಳುವುದಿಲ್ಲ. ಆ ಭಾರತ ತಂಡದಲ್ಲಿ ನಮ್ಮವರು ಇಬ್ಬರಿದ್ದರು. ಒಬ್ಬರು ಗೋಲ್ ಕೀಪರ್ ಎಚ್. ಎಸ್. ಮೋಹಿತ್, ಇನ್ನೊಬ್ಬರು ಕೊಡಗಿನ ಸಿ. ಬಿ. ಪೂವಣ್ಣ. ಅದೇ ಪಂದ್ಯಾವಳಿಯ ಮೊದಲ ಪಂದ್ಯದಲ್ಲಿ ನಮ್ಮವರು ಚೈನೀಸ್ ತೈಪೆಗೆ 18 ಗೋಲು ಹೊಡೆದರು, ಅವರದು ಸೊನ್ನೆ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆದರೆ ಆ ತೈಪೆ ಹುಡುಗರ ಕೋಚ್ ಅಂದು ರಾತ್ರಿ ತನ್ನ ಮಕ್ಕಳಿಗೆ ಏನು ಹೇಳಿರಬಹುದು ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಕೊಡಗಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಎಂಬವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಆರಂಭಿಸಿದರು. ಮೊದಲ ವರ್ಷ ಬಂದದ್ದು 60 ಕುಟುಂಬಗಳು. ಈಗ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ತಂಡ ಕಟ್ಟಿಕೊಂಡು ಬರುತ್ತವೆ. ಅಲ್ಲಿ ತಂಡವೆಂದರೆ ಒಂದು ಮನೆತನ. ಅಜ್ಜ, ಸೊಸೆ, ಮೊಮ್ಮಗ ಒಂದೇ ಅಂಗಿ ತೊಟ್ಟು ಆಡುತ್ತಾರೆ. ಕೋಲು ಹಿಡಿಯುವುದನ್ನು ಹೇಳಿಕೊಡಲು ಮನೆಯಲ್ಲೇ ಒಬ್ಬ ಚಿಕ್ಕಪ್ಪನೋ ಮಾವನೋ ಇರುತ್ತಾನೆ.

ನನಗೂ ಒಬ್ಬ ಮಾವ ಇದ್ದರು. ಸಾಗರದ ಅಡಿಕೆ ಮಂಡಿಯಲ್ಲಿ ಗುಮಾಸ್ತರು. ಕೊಯ್ಲಾದ ಗದ್ದೆಯಲ್ಲಿ ಕೂಳೆ ಚುಚ್ಚುತ್ತಿದ್ದರೂ ಬರಿಗಾಲಲ್ಲಿ ನಿಂತು ನನಗೆ ಸ್ಪಿನ್ ಹಾಕಲು ಕಲಿಸಿದವರು. ಸ್ಪಿನ್ ನನಗೆ ಬರಲೇ ಇಲ್ಲ. ಆದರೆ ಪ್ರಥಮ ಪಿಯುಸಿಯಲ್ಲಿ ಗಣಿತದಲ್ಲಿ ಫೇಲಾದಾಗ ನಾನು ಮೊದಲು ಹೋದದ್ದು ಅಪ್ಪನ ಹತ್ತಿರವಲ್ಲ, ಮಂಡಿಗೆ. ಅವರು ಲೆಕ್ಕದ ಪುಸ್ತಕ ಮುಚ್ಚಿ, ಹೋಟೆಲಿಗೆ ಕರೆದೊಯ್ದು ಗೋಳಿಬಜೆ ಕೊಡಿಸಿ, ಆಮೇಲೆ ನನ್ನ ಜೊತೆ ಮನೆಗೆ ಬಂದರು. ನಾನು ಎಂಬಿಬಿಎಸ್ ಮುಗಿಸಿ ವೈದ್ಯನಾದದ್ದರಲ್ಲಿ ಆ ಒಂದು ಸಂಜೆಯ ಪಾಲು ದೊಡ್ಡದು.

ಈಗ ನಮ್ಮ ಮಕ್ಕಳನ್ನು ನೋಡಿ. ಸಲಾಲಾದಲ್ಲಿ ತೆಂಗಿದೆ, ಬಾಳೆಯಿದೆ, ಖರೀಫ್ ಬಂದರೆ ನಮ್ಮ ಮಲೆನಾಡಿನಂಥ ಜಿಟಿಜಿಟಿ ಮಳೆಯೂ ಇದೆ. ಸೋದರಮಾವ ಮಾತ್ರ ಇಲ್ಲ. ಅಪ್ಪ-ಅಮ್ಮ, ಶಾಲೆ, ಟ್ಯೂಷನ್ ಬಿಟ್ಟರೆ ಮಗುವಿನ ಮಾತು ಕೇಳುವ ಮೂರನೆಯ ದೊಡ್ಡವರು ಯಾರಿದ್ದಾರೆ? ಅಜ್ಜಿ ಇರುವುದು ಫೋನಿನಲ್ಲಿ. ಆಕೆಯ ಮುಂದೆ ಎಲ್ಲವೂ ಚೆನ್ನಾಗಿದೆ ಎಂದೇ ಹೇಳಬೇಕು. ನನ್ನ ಚಿಕಿತ್ಸಾ ಕೊಠಡಿಯಲ್ಲೂ ಹಾಗೆಯೇ. ಹೊಟ್ಟೆ ನೋವು ಮಗನಿಗೆ, ಉತ್ತರ ಕೊಡುವವರು ತಾಯಿ. ಮೈದಾನದಲ್ಲಿ ಮಾತ್ರ ಮಕ್ಕಳು ತಾವೇ ಮಾತಾಡುತ್ತಾರೆ, ಅದೂ ನೇರವಾಗಿ ಅಲ್ಲ. ಮ್ಯಾಟ್ ಸುತ್ತುವಾಗ, ಪೊದೆಯಲ್ಲಿ ಚೆಂಡು ಹುಡುಕುವಾಗ ಒಂದೊಂದು ಮಾತು ಬೀಳುತ್ತದೆ.

ನಾನು ಇದನ್ನು ಕಲಿತದ್ದು ಒಂದು ತಪ್ಪಿನಿಂದ. ಸುಮಾರು ಎಂಟು ವರ್ಷದ ಹಿಂದಿನ ಮಾತು. ಆಗ ಹನ್ನೊಂದು ವರ್ಷದವನಾಗಿದ್ದ ಆ ಹುಡುಗ ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನನ್ನೂ ಅವನ ತಂದೆ-ತಾಯಿಯನ್ನೂ ಕೇಳಿಯೇ ಹೇಳುತ್ತಿದ್ದೇನೆ.

ಮಕ್ಕಳ ಟೂರ್ನಿಯ ಕೊನೆಯ ದಿನ ನಮಗೆ ಎರಡು ಪಂದ್ಯಗಳಿದ್ದವು. ಅವನು ಹನ್ನೆರಡನೆಯವನು. ಕ್ಯಾಚ್ ಹಿಡಿಯುತ್ತಿರಲಿಲ್ಲ, ಬ್ಯಾಟು ಚೆಂಡಿಗೆ ತಾಗುತ್ತಿರಲಿಲ್ಲ. ಸೆಮಿಫೈನಲ್ಲಿನಲ್ಲಿ "ಮುಂದಿನ ಪಂದ್ಯದಲ್ಲಿ ನೋಡೋಣ" ಎಂದೆ. ಫೈನಲ್ಲಿನಲ್ಲಿ ಏನೂ ಹೇಳಲಿಲ್ಲ. ಬಂದರಿನಲ್ಲಿ ಕೆಲಸ ಮಾಡುವ ಅವನ ತಂದೆ ಪಾಳಿ ಬದಲಾಯಿಸಿಕೊಂಡು ಬಂದು, ಬಿಸಿಲಲ್ಲಿ ಕುಳಿತು, ಮಗ ಎರಡು ಪಂದ್ಯಗಳುದ್ದಕ್ಕೂ ನೀರಿನ ಬಾಟಲಿ ಹಂಚುವುದನ್ನು ನೋಡಿದರು. ನಾವು ಗೆದ್ದೆವು. ಫೋಟೋದಲ್ಲಿ ಆ ಹುಡುಗ ಇಲ್ಲ. ಅದು ನನ್ನ ಗಮನಕ್ಕೆ ಬಂದದ್ದು ಒಂದು ತಿಂಗಳ ನಂತರ.

ಏಕೆಂದರೆ ಒಂದು ತಿಂಗಳಿಗೆ ತಾಯಿ ಅವನನ್ನು ನನ್ನ ಹತ್ತಿರ ಕರೆತಂದರು. ಹೊಟ್ಟೆ ನೋವು. ಜ್ವರವಿಲ್ಲ, ತೂಕ ಇಳಿದಿಲ್ಲ. ರಕ್ತ, ಮೂತ್ರ, ಸ್ಕ್ಯಾನ್ ಎಲ್ಲ ಸರಿಯಾಗಿವೆ. ಮಕ್ಕಳಲ್ಲಿ ಇಂಥ ನೋವು ಬಹಳ ಸಾಮಾನ್ಯ. ನೋವು ಸುಳ್ಳಲ್ಲ, ಕರುಳು ಮನಸ್ಸಿನ ಮಾತು ಕೇಳುತ್ತದೆ ಅಷ್ಟೇ. ತಾಯಿಯನ್ನು ಎರಡು ನಿಮಿಷ ಹೊರಗೆ ಕೂರಲು ಹೇಳಿ, "ಯಾವಾಗ ಜಾಸ್ತಿ ನೋಯುತ್ತೆ?" ಎಂದು ಕೇಳಿದೆ.

"ಗುರುವಾರ ರಾತ್ರಿ, ಅಂಕಲ್."

ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀರು ಕೊಡೋಕೆ ನಾನ್ಯಾಕೆ ಬರ್ಬೇಕು?" ಎಂದ.

ಇದಕ್ಕೆ ಯಾವ ಪಠ್ಯಪುಸ್ತಕದಲ್ಲೂ ಔಷಧವಿಲ್ಲ. ಆ ಸಂಜೆ ಅವನ ಮನೆಗೆ ಹೋಗಿ, ತಂದೆಯ ಎದುರಿಗೇ ಅವನ ಹತ್ತಿರ ಕ್ಷಮೆ ಕೇಳಿದೆ. ತಂದೆಗೆ ಮುಜುಗರವಾಯಿತು. "ಅಯ್ಯೋ ಬಿಡಿ ಡಾಕ್ಟ್ರೇ, ಅವನಿಗೆ ಆಡೋಕೆ ಬರಲ್ಲ" ಎಂದರು. ಹುಡುಗ ಒಳಗೆ ಎದ್ದುಹೋದ. ಎರಡು ತಿಂಗಳು ಬರಲಿಲ್ಲ. ಆಮೇಲೆ ಒಂದು ಶುಕ್ರವಾರ, ನನ್ನ ಮಾತಿಗಲ್ಲ, ಇನ್ನೊಬ್ಬ ಹುಡುಗ ಕರೆದದ್ದಕ್ಕೆ ಬಂದ.

ಇದಾದ ಮೇಲೆ, ಒಂದು ಸಂದರ್ಶನದಲ್ಲಿ ನಮ್ಮ ರಾಹುಲ್ ದ್ರಾವಿಡ್ ಹೇಳಿದ್ದನ್ನು ಓದಿದೆ. ಅವರು 2015ರಿಂದ ಭಾರತ 'ಎ' ಮತ್ತು 19 ವರ್ಷದೊಳಗಿನ ತಂಡಗಳ ಕೋಚ್ ಆಗಿದ್ದರು. 'ಎ' ತಂಡದ ಪ್ರವಾಸಕ್ಕೆ ತಮ್ಮ ಜೊತೆ ಬಂದ ಯಾವ ಹುಡುಗನೂ ಒಂದು ಪಂದ್ಯವನ್ನಾದರೂ ಆಡದೆ ಮನೆಗೆ ಹಿಂತಿರುಗುವುದಿಲ್ಲ ಎಂದು ಅವರು ಮೊದಲೇ ಹೇಳಿಬಿಡುತ್ತಿದ್ದರಂತೆ. ತಾವೇ ಹುಡುಗರಾಗಿದ್ದಾಗ ಪ್ರವಾಸಕ್ಕೆ ಹೋಗಿ ಆಡಲು ಅವಕಾಶ ಸಿಗದೆ ಬಂದ ಅನುಭವ ಅವರಿಗಿತ್ತು. 2018ರಲ್ಲಿ ಅವರ ಹುಡುಗರು ವಿಶ್ವಕಪ್ ಗೆದ್ದಾಗ ಮಂಡಳಿ ಅವರಿಗೆ 50 ಲಕ್ಷ, ಉಳಿದ ಸಿಬ್ಬಂದಿಗೆ 20 ಲಕ್ಷ ಪ್ರಕಟಿಸಿತು. ಅವರು ಒಪ್ಪಲಿಲ್ಲ; ಕೊನೆಗೆ ಎಲ್ಲರಿಗೂ 25 ಲಕ್ಷ ಎಂದಾಯಿತು. ಅವರ ಬ್ಯಾಟಿಂಗಿನ ಬಗ್ಗೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ. ನನಗೆ ಈ ಎರಡು ಸಂಗತಿಗಳೇ ಹೆಚ್ಚು. ದೇಶದ ತಂಡದಲ್ಲಿ ಸಾಧ್ಯವಾದದ್ದು ಸಲಾಲಾದ ಟೆನಿಸ್ ಬಾಲ್ ಟೂರ್ನಿಯಲ್ಲಿ ನನಗೆ ಆಗಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ವೈದ್ಯನಾಗಿ ಒಂದೆರಡು ಮಾತು ಹೇಳದೆ ಬಿಡುವುದಿಲ್ಲ, ಕಾರ್ಯದರ್ಶಿಗಳು ಕ್ಷಮಿಸಬೇಕು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈಬಗ್ಗಿಸಿ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಒಂಬತ್ತನೇ ತರಗತಿಗೆ ಬಂದ ಕೂಡಲೇ ಆಟ ನಿಲ್ಲಿಸುತ್ತೇವೆ, ಹೆಣ್ಣುಮಕ್ಕಳದ್ದು ಅದಕ್ಕೂ ಮೊದಲೇ. ಇನ್ನು ಕೆಲವರು ಒಂದೇ ಆಟವನ್ನು ವಾರವಿಡೀ ಆಡಿಸುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ಮೊಣಕಾಲಿನ ಚಿಪ್ಪಿನ ಕೆಳಗೆ ಉಬ್ಬು ಬಂದು ನೋಯುತ್ತಿದ್ದರೆ ಅದು ಸೋಮಾರಿತನದ ನೆಪವಲ್ಲ, ವಿಶ್ರಾಂತಿ ಕೊಡಿ. ಇಷ್ಟು ಸಾಕು.

ಆ ಹುಡುಗ ಕೊನೆಯವರೆಗೂ ಒಳ್ಳೆಯ ಆಟಗಾರನಾಗಲಿಲ್ಲ. ಅದು ನಿಜ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹನ್ನೆರಡನೇ ತರಗತಿಯ ಚಳಿಗಾಲದಲ್ಲಿ ಒಂದು ದಿನ ಚೆಂಡು ಹುಡುಕುತ್ತಾ, ತನಗೆ ಮೆಡಿಕಲ್ ಬೇಡ, ಅಪ್ಪನಿಗೆ ಹೇಗೆ ಹೇಳಲಿ ಎಂದು ಕೇಳಿದ. ಪೊದೆಯ ಹತ್ತಿರವೇ ಅರ್ಧ ಗಂಟೆ ನಿಂತೆವು. ಆಮೇಲೆ ನಾನೂ ಅವನ ಜೊತೆ ಮನೆಗೆ ಹೋದೆ. ಗೋಳಿಬಜೆ ಸಿಗಲಿಲ್ಲ, ದಾರಿಯಲ್ಲಿ ಪರಾಠ ಮತ್ತು ಕರಕ್ ಚಹಾ ಆಯಿತು. ನಿಮಗೇನು ಸಿಗುತ್ತದೆ ಎಂದು ಕೇಳಿದಿರಲ್ಲ, ಇದು ಸಿಗುತ್ತದೆ.

ಕಳೆದ ರಜೆಯಲ್ಲಿ ಅವನು ಬಂದಾಗ ನಮ್ಮ ಪುಟ್ಟ ಮಕ್ಕಳ ತಂಡವನ್ನು ಅವನ ಕೈಗೆ ಕೊಟ್ಟೆ. ಅವನು ಬ್ಯಾಟಿಂಗ್ ಪಟ್ಟಿಯನ್ನು ತಲೆಕೆಳಗೆ ಮಾಡಿ, ಎಲ್ಲರಿಗಿಂತ ಕಡಿಮೆ ಬರುವವನನ್ನು ಮೊದಲು ಕಳಿಸಿದ. ಚೆನ್ನಾಗಿ ಸೋತೆವು. ಕೆಲವು ತಂದೆಯರು ನನ್ನನ್ನು ಗುರುಗುಟ್ಟಿ ನೋಡಿದರು. ಅವರು ಇಲ್ಲೇ ಕುಳಿತಿದ್ದಾರೆ.

ಖರೀಫ್ ಮುಗಿದ ಮೇಲೆ ನೆಲ ಒಣಗಿದೆ, ಶುಕ್ರವಾರ ಬೆಳಿಗ್ಗೆ ಆರೂವರೆಗೆ ಮತ್ತೆ ಶುರು ಮಾಡುತ್ತಿದ್ದೇವೆ. ಈ ಸಲ ಹೆಣ್ಣುಮಕ್ಕಳೂ ಸೇರಿ ಮೂವತ್ತೊಂದು ಹೆಸರು ಬಂದಿವೆ, ದೊಡ್ಡವರು ಇರುವುದು ಮೂವರು. ಕ್ರಿಕೆಟ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಚೆಂಡು ಹುಡುಕಲು ಜನ ಬೇಕು. ಬರುವಾಗ ನಿಮ್ಮ ನೀರು ನೀವೇ ತನ್ನಿ, ಈಗ ನಮ್ಮಲ್ಲಿ ನೀರು ಹಂಚುವವರು ಯಾರೂ ಇಲ್ಲ.