ಚೀನಾದ ಚಹಾ, ನಮ್ಮ ಮನೆಯ ಬಟ್ಟಲಲ್ಲಿ



ಧಾರವಾಡದವರು ಚಹಾ ಎನ್ನುತ್ತಾರೆ, ಮೈಸೂರಿನವರು ಟೀ ಎನ್ನುತ್ತಾರೆ. ಎರಡೂ ಮೂಲದಲ್ಲಿ ಚೀನಾದ ಮಾತುಗಳೇ. ಆ ದೇಶದ ಹೆಚ್ಚಿನ ಕಡೆ ಈ ಎಲೆಗೆ ‘ಚಾ’ ಎಂದು ಹೆಸರು. ಫೂಜಿಯಾನ್ ಪ್ರಾಂತದ ಕರಾವಳಿಯವರ ಆಡುನುಡಿಯಲ್ಲಿ ಅದು ‘ತೆ’. ಅಲ್ಲಿನ ವರ್ತಕರೊಡನೆ ವ್ಯವಹರಿಸಿದ ಡಚ್ಚರ ಮೂಲಕ ಈ ಎರಡನೆಯ ಹೆಸರು ಯುರೋಪಿಗೆ ಹೋಗಿ, ಇಂಗ್ಲಿಷರ ಬಾಯಲ್ಲಿ ಟೀ ಆಗಿ ನಮ್ಮಲ್ಲಿಗೆ ಬಂತು. ಹೆಸರುಗಳೇನೋ ಬಂದವು, ಚಹಾ ಮಾಡುವ ಅವರ ಕ್ರಮ ಮಾತ್ರ ಬರಲಿಲ್ಲ.

ಚೀನಾದಲ್ಲಿಯೂ ಎಲ್ಲರದೂ ಒಂದೇ ಕ್ರಮವಲ್ಲ. ಗಾಜಿನ ಲೋಟಕ್ಕೆ ಎಲೆ ಹಾಕಿ, ಬಿಸಿನೀರು ಸುರಿದುಕೊಂಡು ದಿನವಿಡೀ ಗುಟುಕರಿಸುವವರು ಬಹಳ. ನಾನು ಈಗ ಹೇಳಹೊರಟಿರುವುದು ಗ್ವಾಂಗ್‌ಡಾಂಗ್ ಪ್ರಾಂತದ ಚಾವೊಝೌ ಸೀಮೆಯಲ್ಲೂ ಪಕ್ಕದ ಫೂಜಿಯಾನಿನಲ್ಲೂ ಬೆಳೆದುಬಂದ ‘ಗೊಂಗ್‌ಫು ಚಾ’ ಎಂಬ ಪದ್ಧತಿಯನ್ನು. ಹೊಡೆದಾಟದ ಸಿನಿಮಾಗಳಿಂದ ನಿಮಗೆ ಪರಿಚಿತವಾದ ಕುಂಗ್‌ಫು ಎಂಬ ಮಾತೇ ಇದು. ಶ್ರಮದಿಂದ ಗಳಿಸಿದ ಕೌಶಲ ಎಂದು ಅರ್ಥ. ಎಂಟನೆಯ ಶತಮಾನದಲ್ಲಿ ಚಹಾದ ಬಗ್ಗೆ ಗ್ರಂಥ ಬರೆದ ಲು ಯು ಎಂಬಾತನ ಕಾಲದಲ್ಲಿ ಎಲೆಯ ಬಿಲ್ಲೆಯನ್ನು ಪುಡಿಮಾಡಿ ಕುದಿಸುತ್ತಿದ್ದರು. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿಯು ಬಿಲ್ಲೆಯ ಚಹಾವನ್ನು ಕಪ್ಪಕಾಣಿಕೆಯಾಗಿ ಒಪ್ಪಿಸುವುದನ್ನು ನಿಲ್ಲಿಸಿ, ಬಿಡಿ ಎಲೆಯನ್ನೇ ಕೇಳಿದ. ಎಲೆಯನ್ನು ನೆನೆಸಿ ಬಸಿಯುವ ಕ್ರಮ ಆ ಬಳಿಕ ಬಲಗೊಂಡಿತು.

ಇದರ ಗುಟ್ಟು ಇಷ್ಟೇ: ಎಲೆ ಹೆಚ್ಚು, ನೀರು ಕಡಿಮೆ, ಕಾಲ ಇನ್ನೂ ಕಡಿಮೆ. ಒಂದೇ ಎಲೆಯಿಂದ ಐದಾರು ಸಲ ಚಹಾ.

ಸಾಮಾನು ಏನು ಬೇಕು? ಜಿಯಾಂಗ್ಸು ಪ್ರಾಂತದ ಯೀಶಿಂಗ್ ಊರಿನ ಮಣ್ಣಿನ ಪುಟ್ಟ ಕುಡಿಕೆಗಳಿಗೆ ಬಲು ಹೆಸರು, ಬೆಲೆಯೂ ಹಾಗೆಯೇ. ಹೊಸಬರಿಗೆ ಅದರ ಗೊಡವೆ ಬೇಡ. 100 ಮಿಲಿಲೀಟರ್ ಹಿಡಿಯುವ ಪಿಂಗಾಣಿ ಬಟ್ಟಲು, ಮುಚ್ಚಲು ಒಂದು ಸಣ್ಣ ತಟ್ಟೆ, ಒಂದು ಜರಡಿ, ಮೂರು ಪುಟ್ಟ ಲೋಟಗಳು ಸಾಕು. ಆದರೆ ಎಲೆಯ ವಿಷಯದಲ್ಲಿ ರಾಜಿ ಇಲ್ಲ. ನಾವು ಹಾಲು ಬೆರೆಸಿ ಕುದಿಸುವ ಚಹಾಪುಡಿಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಮಾಡಿರುತ್ತಾರೆ. ಅದು ತನ್ನಲ್ಲಿರುವುದನ್ನೆಲ್ಲ ಮೊದಲ ನೀರಿಗೇ ಕೊಟ್ಟುಬಿಡುತ್ತದೆ. ಇಡೀ ಎಲೆಯಾದರೋ ಮೆಲ್ಲಗೆ ಬಿಚ್ಚಿಕೊಳ್ಳುತ್ತ, ಸ್ವಲ್ಪ ಸ್ವಲ್ಪವೇ ಕೊಡುತ್ತದೆ. ಅರ್ಧ ಹುದುಗಿದ ಊಲಾಂಗ್ ಚಹಾ ಸಿಕ್ಕಿದರೆ ಉತ್ತಮ. ಇಲ್ಲವೇ ನೀಲಗಿರಿಯ ಇಡೀ ಎಲೆಯ ಚಹಾ ಆದೀತು.

ಮೊದಲು ಬಟ್ಟಲನ್ನು ಬಿಸಿನೀರಿನಿಂದ ತೊಳೆದು ಕಾಯಿಸಿಕೊಳ್ಳಿ. ಸುಮಾರು 5 ಗ್ರಾಂ ಎಲೆ ಹಾಕಿ. ಕುದಿಯುವ ನೀರನ್ನು ಸುರಿಯಿರಿ, ಆದರೆ ಅಂಚಿನವರೆಗೆ ತುಂಬಬೇಡಿ, ಬೆರಳು ಸುಟ್ಟೀತು. ಮುಚ್ಚಿ 15 ಸೆಕೆಂಡು ಬಿಟ್ಟು, ಒಂದು ಹನಿಯೂ ಉಳಿಯದಂತೆ ಬಸಿಯಿರಿ. ಉಳಿದ ನೀರಿನಲ್ಲಿ ಎಲೆ ನೆನೆಯುತ್ತಲೇ ಇದ್ದು ಮುಂದಿನ ಸಲ ಕಹಿ ತರುತ್ತದೆ. ಎರಡನೆಯ ಸಲವೂ ಅಷ್ಟೇ ಹೊತ್ತು, ಆಮೇಲೆ ಸಲಕ್ಕೆ ಐದೈದು ಸೆಕೆಂಡು ಹೆಚ್ಚಿಸಿ. ಹಾಲು, ಸಕ್ಕರೆ ಬೇಡ. ಮೊದಲ ಗುಟುಕಿಗೆ ‘ಇದೇನು, ಬರೀ ಬಿಸಿನೀರು’ ಎನಿಸಬಹುದು. ಮೂರನೆಯ ಬಟ್ಟಲಿನವರೆಗೆ ತಾಳ್ಮೆ ಇರಲಿ.

ಹಸಿರು ಚಹಾಕ್ಕೆ ಮಾತ್ರ ಕುದಿನೀರು ಸಲ್ಲದು. ಎಲೆಯಲ್ಲಿ ರುಚಿ ಕೊಡುವ ಅಮೈನೋ ಆಮ್ಲಗಳು ತುಸು ಆರಿದ ನೀರಿನಲ್ಲೂ ಕರಗುತ್ತವೆ. ಒಗರು ಕೊಡುವ ಕ್ಯಾಟೆಚಿನ್‌ಗಳು ನೀರು ಬಿಸಿಯಾದಷ್ಟೂ ಹೆಚ್ಚು ಹೊರಬರುತ್ತವೆ. ಆದ್ದರಿಂದ 80 ಡಿಗ್ರಿ ಸೆಲ್ಸಿಯಸ್ ಸಾಕು. ಇದನ್ನು ನಂಬಬೇಕಾಗಿಲ್ಲ, ಪರೀಕ್ಷಿಸಿ. ಎಲೆಯ ತೂಕ, ಹೊತ್ತು ಎರಡನ್ನೂ ಬದಲಿಸದೆ, ನೀರಿನ ಬಿಸಿಯನ್ನು ಮಾತ್ರ ಬದಲಿಸಿ, ರುಚಿಯನ್ನು ಪುಸ್ತಕದಲ್ಲಿ ಬರೆದಿಡಿ. ನಮ್ಮ ಎಷ್ಟೋ ಕೊಳವೆಬಾವಿಗಳ ಗಡಸು ನೀರಿನಲ್ಲಿ ಚಹಾದ ಮೇಲೆ ಕೆನೆಯಂಥ ಪೊರೆ ಕಟ್ಟುತ್ತದೆ. ಅದನ್ನೂ ಮೆದುನೀರಿನ ಚಹಾದೊಡನೆ ಹೋಲಿಸಿ ನೋಡಬಹುದು.

ಒಬ್ಬರೇ ಕುಳಿತು ಅಷ್ಟನ್ನೂ ಕುಡಿಯಬೇಡಿ. ಅಷ್ಟು ಎಲೆಯಲ್ಲಿ ಕೆಫೀನ್ ಸಾಕಷ್ಟಿದೆ, ರಾತ್ರಿಯ ನಿದ್ದೆ ಹೋದೀತು. ಚಾವೊಝೌನಲ್ಲಿ ಮೂರು ಲೋಟ ಇಡುವುದು ವಾಡಿಕೆ. ಅವನ್ನು ಒಂದಕ್ಕೊಂದು ತಾಗಿಸಿಟ್ಟು, ಒಂದನ್ನು ತುಂಬಿ ಇನ್ನೊಂದಕ್ಕೆ ಹೋಗದೆ, ಸುತ್ತು ಸುತ್ತಾಗಿ ಸುರಿಯುತ್ತಾರೆ. ಇದಕ್ಕೆ ‘ಗುವಾನ್ ಸೇನಾಪತಿಯ ನಗರ ಪಹರೆ’ ಎಂದು ಹೆಸರು. ಕೊನೆಯ ಗಟ್ಟಿ ಹನಿಗಳನ್ನು ಒಂದೊಂದಾಗಿ ಮೂರಕ್ಕೂ ಹಂಚುವುದು ‘ಹಾನ್ ಶಿನ್ ಸೈನಿಕರನ್ನು ಎಣಿಸುವುದು’. ಇಬ್ಬರೂ ಚೀನಾದ ಇತಿಹಾಸದ ಹೆಸರಾಂತ ದಂಡನಾಯಕರು. ಹೀಗೆ ಸುರಿದರೆ ಒಬ್ಬನಿಗೆ ನೀರು, ಇನ್ನೊಬ್ಬನಿಗೆ ಕಷಾಯ ಆಗುವುದಿಲ್ಲ. ನನಗಂತೂ ಇಡೀ ಪದ್ಧತಿಯಲ್ಲಿ ಇದೇ ಹೆಚ್ಚು ಮೆಚ್ಚಿಗೆಯಾದ ಭಾಗ.

ಎಲ್ಲ ಮುಗಿದ ಮೇಲೆ ನೆನೆದ ಎಲೆಯನ್ನು ತಟ್ಟೆಯಲ್ಲಿ ಬಿಡಿಸಿ ನೋಡಿ. ಊಲಾಂಗ್ ಎಲೆಯ ನಡುಭಾಗ ಹಸಿರಾಗಿ, ಅಂಚು ಕೆಂಪಾಗಿರುವುದುಂಟು. ತಯಾರಿಕೆಯಲ್ಲಿ ಎಲೆಯನ್ನು ಅಲುಗಾಡಿಸಿದಾಗ ಜಜ್ಜಿದ ಅಂಚಿಗೆ ಗಾಳಿಯ ಆಮ್ಲಜನಕ ತಾಗಿ, ಎಲೆಯದೇ ಕಿಣ್ವದಿಂದ ಬಣ್ಣ ತಿರುಗಿರುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇದೇ ಬಗೆಯ ಕ್ರಿಯೆಯಿಂದ.