ಕಡಲಿನ ಓರ್ಕಾ, ನಮ್ಮ ಕಾಡಿನ ಕೆನ್ನಾಯಿ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು ಎಂದರು ಗುರುಗಳು. ಪ್ರಾಣಿಗಳ ಮೂಲಕವೇ ಹೇಳುತ್ತೇನೆ.

ಧ್ರುವದ ಹಿಮಗಡಲಿನಲ್ಲಿ ಓರ್ಕಾ ಎಂಬ ಪ್ರಾಣಿಯಿದೆ. 'ಕೊಲೆಗಾರ ತಿಮಿಂಗಿಲ' ಎಂದು ಕರೆದರೂ ಅದು ಡಾಲ್ಫಿನ್ ಕುಲದ್ದು. ಅಂಟಾರ್ಕ್ಟಿಕದಲ್ಲಿ ಓರ್ಕಾಗಳು ಗುಂಪಾಗಿ ಮಿಂಕೆ ತಿಮಿಂಗಿಲವನ್ನು ಬೆನ್ನಟ್ಟಿ, ದಣಿಸಿ, ನೀರೊಳಗೆ ಅದುಮಿ ಉಸಿರು ಕಟ್ಟಿಸುತ್ತವೆ. 2019ರಲ್ಲಿ ಆಸ್ಟ್ರೇಲಿಯದ ಬ್ರೆಮರ್ ಕೊಲ್ಲಿಯ ಕಡೆ ಅವು ನೀಲಿ ತಿಮಿಂಗಿಲವನ್ನೇ ಕೊಂದದ್ದನ್ನು ವಿಜ್ಞಾನಿಗಳು ಕಣ್ಣಾರೆ ಕಂಡರು. ಜಗತ್ತಿನ ಅತಿ ದೊಡ್ಡ ಪ್ರಾಣಿ ಅದು!

1970ರ ದಶಕದಲ್ಲಿ ಕೆನಡಾದ ಮೈಕೆಲ್ ಬಿಗ್ ಅವರು ಬೆನ್ನಿನ ರೆಕ್ಕೆಯ ಫೋಟೊಗಳನ್ನು ಹೋಲಿಸಿ ಒಂದೊಂದು ಓರ್ಕಾವನ್ನೂ ಗುರುತಿಸಿದರು. ಆಗ ತಿಳಿಯಿತು, ಆ ಗುಂಪು ತಾಯಿಯ ಸುತ್ತ ಕಟ್ಟಿಕೊಂಡ ಕುಟುಂಬ ಎಂದು. ಇಂದು ಇಂಥ ಹೋಲಿಕೆಯ ಕೆಲಸಕ್ಕೆ ಕಂಪ್ಯೂಟರ್ ನೆರವಾಗುತ್ತದೆ.

ಅಂಥ ಬೇಟೆಗಾರ ನಮ್ಮ ನಾಡಿನಲ್ಲೂ ಇದ್ದಾನೆ. ಅವನೇ ಕೆನ್ನಾಯಿ. ತೂಕ ಹದಿನೈದಿಪ್ಪತ್ತು ಕಿಲೋ ಅಷ್ಟೇ. ಆದರೆ ಗುಂಪು ಸೇರಿದರೆ ಕಡವೆಯನ್ನೂ ಕೆಡವುತ್ತದೆ. ಎ.ಜೆ.ಟಿ. ಜಾನ್‌ಸಿಂಗ್ ಅವರು 1976ರಿಂದ 78ರವರೆಗೆ ಬಂಡೀಪುರದಲ್ಲಿ ಇವುಗಳ ಬೆನ್ನು ಹತ್ತಿ ಅಧ್ಯಯನ ಮಾಡಿದರು. ಗುಂಪಿನ ದೊಡ್ಡವು ಬೇಟೆ ಮುಗಿಸಿ ಬಂದು, ತಿಂದದ್ದನ್ನು ಕಕ್ಕಿ ಮರಿಗಳಿಗೆ ಉಣಿಸುತ್ತವೆ. ನಮ್ಮ ಕೂಡುಕುಟುಂಬದಂತೆ ಮರಿ ಯಾರದಾದರೂ ಸಾಕುವವರು ಎಲ್ಲರೂ.

ಆದರೂ ಬ್ರಿಟಿಷರ ಕಾಲದಲ್ಲಿ ಕೆನ್ನಾಯಿಗೆ 'ಕ್ರೂರಿ' ಎಂಬ ಹಣೆಪಟ್ಟಿ ಕಟ್ಟಿ, ಕೊಂದವರಿಗೆ ಸರಕಾರವೇ ಇನಾಮು ಕೊಟ್ಟಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ರಕ್ಷಣೆ ಸಿಕ್ಕಿತು. ಇಂದು ಇಡೀ ಜಗತ್ತಿನಲ್ಲಿ ಪ್ರಾಯದ ಕೆನ್ನಾಯಿಗಳು 2,500ಕ್ಕಿಂತ ಕಡಿಮೆ ಎಂಬ ಅಂದಾಜಿದೆ. ಹುಲಿಯನ್ನು ಪಟ್ಟೆಯಿಂದ ಕಂಪ್ಯೂಟರ್ ಗುರುತಿಸುತ್ತದೆ. ಕೆನ್ನಾಯಿಗೆ ಪಟ್ಟೆಯಿಲ್ಲ, ಎಲ್ಲವೂ ಒಂದೇ ಕೆಂಪು. ಎಣಿಸುವುದೇ ಕಷ್ಟ. ಮಕ್ಕಳೇ, ಈ ಲೆಕ್ಕ ನಿಮಗಾಗಿ ಕಾದಿದೆ.

ನಮಗ್ಯಾಕೆ ಇದರ ಉಸಾಬರಿ ಎನ್ನಬೇಡಿರಿ. ಕೆನ್ನಾಯಿಗಳು ನಮ್ಮ ಜಿಲ್ಲೆಯ ಖಾನಾಪುರದ ಭೀಮಗಡ ಕಾಡಿನಲ್ಲೂ ಇವೆ. ಅವು ಉಳಿಯಲು ಜಿಂಕೆ, ಕಡವೆ ಬೇಕು. ಅವಕ್ಕೆ ಕಾಡು ಬೇಕು. ಅದೇ ಖಾನಾಪುರದ ಕಾಡುಸೀಮೆಯ ಕಣಕುಂಬಿಯಲ್ಲಿ ನಮ್ಮ ಮಲಪ್ರಭೆ ಹುಟ್ಟುತ್ತಾಳೆ. ಕೆನ್ನಾಯಿಯ ಮನೆ ಹಾಳಾದರೆ ನಮ್ಮ ಹೊಲಕ್ಕೆ ನೀರು ಕೊಡುವ ತಾಯಿಯ ತವರು ಹಾಳಾದಂತೆ.