ಬಾಗಿಲ ಮುಂದಿನ ಎರಡೆಳೆ

ಎದುರುಮನೆಯ ಅಜ್ಜಿ ಒಬ್ಬರೇ ಇರುತ್ತಿದ್ದರು. ಬೆಳಿಗ್ಗೆ ಆರೂವರೆಗೆಲ್ಲ ಅವರ ಬಾಗಿಲಿಗೆ ನೀರು ಬಿದ್ದು, ಪುಟ್ಟ ರಂಗೋಲಿ ಮೂಡಿರುತ್ತಿತ್ತು. ಒಂದು ದಿನ ಏಳು ಗಂಟೆಯಾದರೂ ಹೊಸ್ತಿಲ ಮುಂದೆ ಹಿಂದಿನ ದಿನದ ಮಾಸಿದ ಪುಡಿಯೇ ಇತ್ತು. ಅಮ್ಮ ಹಾಲಿನ ಪಾತ್ರೆ ಇಳಿಸಿದವಳೇ ರಸ್ತೆ ದಾಟಿದಳು.

“ಯಾಕೆ ದೊಡ್ಡಮ್ಮಾ, ಇನ್ನೂ ಬಾಗಿಲಿಗೆ ನೀರು ಹಾಕಿಲ್ಲ?”

“ಮಂಡಿ ಹಿಡ್ಕೊಂಡಿದೆ ಕಣೇ, ಬಗ್ಗೋಕೇ ಆಗ್ತಿಲ್ಲ.”

ಅಮ್ಮ ಕಾಫಿ ಬೆರೆಸಿ ಕೊಟ್ಟು, ಬರುವಾಗ ತಾನೇ ಎರಡೆಳೆ ರಂಗೋಲಿ ಎಳೆದು ಬಂದಳು.

ಅಜ್ಜಿ ಯಾರಿಗೂ ಫೋನ್ ಮಾಡಿರಲಿಲ್ಲ. ಆದರೂ ಸುದ್ದಿ ಬೀದಿ ದಾಟಿತ್ತು. ವಿನ್ಯಾಸವನ್ನೋ ಎಂಜಿನಿಯರಿಂಗನ್ನೋ ಮರಗೆಲಸವನ್ನೋ ಕಲಿಯುತ್ತಿರುವ ಗೆಳೆಯರೇ, ಆ ರಂಗೋಲಿಯಂತೆ ಹೇಳದೆಯೇ ಸುದ್ದಿ ಮುಟ್ಟಿಸುವ ವಸ್ತುಗಳು ನಮಗೆ ಬೇಕಾಗಿವೆ. ಏಕೆಂದರೆ ರಂಗೋಲಿಯ ಸುದ್ದಿ ಎದುರುಮನೆಯವರೆಗೆ ಹೋಗುತ್ತದೆ, ಬೆಂಗಳೂರಿನಲ್ಲೋ ದುಬೈನಲ್ಲೋ ಇರುವ ಮಕ್ಕಳವರೆಗೆ ಹೋಗುವುದಿಲ್ಲ.

1996ರಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ ಒಬ್ಬ ವೃದ್ಧ ತಾಯಿ ಮತ್ತು ಆಕೆಯ ಕಾಯಿಲೆಯ ಮಗ ಮನೆಯೊಳಗೇ ತೀರಿಕೊಂಡರು. ಎಷ್ಟೋ ದಿನ ಯಾರಿಗೂ ಗೊತ್ತಾಗಲಿಲ್ಲ. ಆ ದೇಶವನ್ನೇ ಕಲಕಿದ ಘಟನೆ ಅದು. ಅಲ್ಲಿನ ಜೋಜಿರುಶಿ ಕಂಪನಿ ಅದಕ್ಕೆ ಕೊಟ್ಟ ಉತ್ತರ ಒಂದು ನೀರು ಕಾಯಿಸುವ ಪಾತ್ರೆ! 2001ರಲ್ಲಿ ಬಂದ ಆ ‘ಐ-ಪಾಟ್’ನಿಂದ ಒಬ್ಬಂಟಿ ಅಜ್ಜ ಚಹಾಕ್ಕೆ ಬಿಸಿನೀರು ಬಗ್ಗಿಸಿಕೊಂಡರೆ, ಒಳಗಿನ ಪುಟ್ಟ ಯಂತ್ರ ಅದನ್ನು ಗುರುತಿಟ್ಟುಕೊಳ್ಳುತ್ತದೆ. ದಿನಕ್ಕೆರಡು ಬಾರಿ ದೂರದ ಮಗಳಿಗೆ ಇಮೇಲ್ ಹೋಗುತ್ತದೆ. ಅಜ್ಜ ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ, ಎಂದಿನಂತೆ ಚಹಾ ಕುಡಿದರಾಯಿತು.

ಇದರ ಜಾಣ್ಮೆ ಯಂತ್ರದಲ್ಲಿ ಇರುವುದಕ್ಕಿಂತ ಸಂಯಮದಲ್ಲಿದೆ. ಆ ಮನೆಗೆ ಕ್ಯಾಮೆರಾ ಹಾಕುವುದು ಸುಲಭವಿತ್ತು. ಆದರೆ ಕ್ಯಾಮೆರಾದ ಕೆಳಗೆ ಇಡೀ ದಿನ ಸೆರಗು ಸರಿಮಾಡಿಕೊಳ್ಳುತ್ತ ಬದುಕಲು ಯಾರಿಗೆ ಇಷ್ಟ? ಪಾತ್ರೆ ‘ಚಹಾ ಆಯಿತು’ ಎಂದಷ್ಟೇ ಹೇಳುತ್ತದೆ, ಎಷ್ಟು ಸಕ್ಕರೆ ಎಂದು ಹೇಳುವುದಿಲ್ಲ. ರಂಗೋಲಿಗೂ ಅದೇ ಮರ್ಯಾದೆ ಇತ್ತು. ಅದು ಹೊಸ್ತಿಲು ದಾಟಿ ಒಳಗೆ ಇಣುಕುತ್ತಿರಲಿಲ್ಲ.

ಆದರೆ ಐ-ಪಾಟ್‌ನಲ್ಲಿ ಒಂದು ಕೊರತೆಯಿದೆ. ಅಜ್ಜನ ಸುದ್ದಿ ಮಗಳಿಗೆ ಗೊತ್ತಾಗುತ್ತದೆ, ಮಗಳ ಸುದ್ದಿ ಅಜ್ಜನಿಗೆ? ಅದಕ್ಕೂ ಒಂದು ದಾರಿಯಿದೆ. ಲಂಡನ್ನಿನ ವಿನ್ಯಾಸಕಿ ಅಲೆಕ್ಸಾಂಡ್ರಾ ಡೆಶಾಂಪ್-ಸಾನ್ಸಿನೊ ಮನೆಯಾಕಾರದ ದೀಪಗಳನ್ನು ಮಾಡಿದರು. ಇಲ್ಲಿ ದೊಡ್ಡ ದೀಪ ಹಚ್ಚಿದರೆ ದೂರದ ಊರಿನಲ್ಲಿ ಅದರ ಪುಟ್ಟ ಜೋಡಿಯೂ ಹೊತ್ತಿಕೊಳ್ಳುತ್ತಿತ್ತು. ಯೋಚಿಸಿ: ಬೆಂಗಳೂರಿನ ಪಿ.ಜಿ.ಯಲ್ಲಿ ಮಗಳು ರಾತ್ರಿ ಕೀಲಿಕೈಯನ್ನು ಬಟ್ಟಲಿಗೆ ಹಾಕಿದೊಡನೆ ತೀರ್ಥಹಳ್ಳಿಯ ಮನೆಯ ಗೂಡಿನಲ್ಲಿ ಒಂದು ಬೆಳಕು ಮೂಡಿದರೆ? ‘ಸೇರಿದ್ಯಾ?’ ಎಂದು ಕೇಳಲು ಫೋನ್ ಹಿಡಿದು ಕೂತ ತಾಯಿ ನಿಶ್ಚಿಂತೆಯಿಂದ ದೀಪ ಆರಿಸಿ ಮಲಗಬಹುದು.

ಇದನ್ನು ನೀವು ಮಾಡಬಲ್ಲಿರಿ. ಈ ರಜೆಗೆ ಊರಿಗೆ ಹೋದಾಗ ಅಜ್ಜಿ ಎದ್ದ ಮೇಲೆ ಮೊದಲು ಏನನ್ನು ಮುಟ್ಟುತ್ತಾರೆ ನೋಡಿ. ತುಳಸಿಗೆ ನೀರೆರೆಯುವ ಚೊಂಬೋ, ಒಲೆಯ ಲೈಟರೋ, ಎಲೆಯಡಿಕೆ ತಟ್ಟೆಯೋ, ರೇಡಿಯೊ ಗುಂಡಿಯೋ? ನಿಮ್ಮ ಪ್ರಯೋಗ ಅಲ್ಲಿಂದ ಶುರುವಾಗಲಿ. ವೈಫೈ ಇರುವ ಅಂಗೈಗಿಂತ ಚಿಕ್ಕ ಬೋರ್ಡು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದಕ್ಕೆ ಪ್ಲಾಸ್ಟಿಕ್ ಡಬ್ಬಿಯೇ ಯಾಕೆ ಬೇಕು? ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಚನ್ನಪಟ್ಟಣದ ಕೈಗಳ ಜೊತೆ ಕೂತು ಒಂದು ಗೂಡು ಮಾಡಿಸಿ. ಮೊದಲನೆಯದು ಕೆಟ್ಟುಹೋಗುತ್ತದೆ, ಎರಡನೆಯದು ನಡುರಾತ್ರಿ ಸುಮ್ಮನೆ ಹೊತ್ತಿಕೊಂಡು ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. ಪರವಾಗಿಲ್ಲ, ಮೂರನೆಯದನ್ನು ಮಾಡಿ. ಆದರೆ ಇಡುವ ಮುನ್ನ ಅಜ್ಜಿಯನ್ನು ಕೇಳಿ, ಆರಿಸುವ ಗುಂಡಿ ಅವರ ಕೈಯಲ್ಲೇ ಇರಲಿ. ಬೇಡ ಎಂದರೆ ಬಿಚ್ಚಿಕೊಂಡು ಬನ್ನಿ.

ಒಂದು ಬೆಳಿಗ್ಗೆ ಆ ಬೆಳಕು ಮೂಡದೆ ಹೋಗಬಹುದು. ನಿಮ್ಮ ವಸ್ತುವಿನ ಕೆಲಸ ಅಲ್ಲಿಗೆ ಮುಗಿಯಿತು. ಹಾಲಿನ ಪಾತ್ರೆ ಇಳಿಸಿ ರಸ್ತೆ ದಾಟುವ ಕೆಲಸ ನಿಮ್ಮದು.